ಎರಡು ಸಾವಿರದ ಮಿಕ್ಸಿ, ಎಂಟು ಸಾವಿರದ ಮಿಕ್ಸಿ

ಗೃಹೋಪಯೋಗಿ ವಸ್ತುಗಳ ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿಯ ಮಿಕ್ಸಿಯೂ ಎಂಟು ಸಾವಿರ ರೂಪಾಯಿಯ ಮಿಕ್ಸಿಯೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಎರಡರ ಮೇಲೂ 750 ವ್ಯಾಟ್ ಎಂದೇ ಬರೆದಿರುತ್ತದೆ, ಎರಡರ ಜೊತೆಗೂ ಮೂರು ಜಾರುಗಳಿರುತ್ತವೆ, ದೂರದಿಂದ ನೋಡಿದರೆ ಬಣ್ಣವೊಂದನ್ನು ಬಿಟ್ಟು ಬೇರೆ ವ್ಯತ್ಯಾಸ ಕಾಣುವುದಿಲ್ಲ. ನಡುವಿನ ಆರು ಸಾವಿರಕ್ಕೆ ಏನು ಸಿಗುತ್ತದೆ ಎಂದು ಕೇಳಿದರೆ ಮಾರಾಟಗಾರನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಕ್ವಾಲಿಟಿ’. ನಮ್ಮಲ್ಲಿ ಬಹುಮಂದಿ ಅಷ್ಟಕ್ಕೇ ತಲೆಯಾಡಿಸುತ್ತಾರೆ, ಏಕೆಂದರೆ ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತನ್ನು ಕೇಳಿಯೇ ಬೆಳೆದವರು ನಾವು. ಆದರೆ ಕಜ್ಜಾಯದಲ್ಲಿ ಬೆಲ್ಲ ಎಷ್ಟಿದೆ, ತುಪ್ಪ ಎಂಥದ್ದು ಎನ್ನುವುದು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಮಿಕ್ಸಿಯ ಒಳಗೆ ಸುತ್ತಿರುವುದು ತಾಮ್ರದ ತಂತಿಯೋ ಅಲ್ಯೂಮಿನಿಯಂ ತಂತಿಯೋ ಎನ್ನುವುದು ಅದು ಸುಟ್ಟು ರಿಪೇರಿ ಅಂಗಡಿ ಸೇರುವವರೆಗೆ ಗೊತ್ತಾಗುವುದಿಲ್ಲ. ಬೆಲೆಯನ್ನು ಗುಣದ ಅಳತೆಗೋಲೆಂದು ನಂಬುವುದರ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ದುಬಾರಿ ಯಂತ್ರಕ್ಕೆ ನಾವು ಕೊಡುವ ಹೆಚ್ಚುವರಿ ಹಣದ ಒಂದು ಪಾಲು ಲೋಹಕ್ಕೆ ಹೋಗುತ್ತದೆ. ದಪ್ಪ ತಂತಿ, ಗಟ್ಟಿ ಉಕ್ಕು, ಒಳ್ಳೆಯ ಬೇರಿಂಗು ಎಲ್ಲ ಅದರಲ್ಲಿ ಬರುತ್ತವೆ. ಇನ್ನೊಂದು ಪಾಲು ವಿದ್ಯುತ್ತನ್ನು ಉಳಿಸುವ ತಂತ್ರಜ್ಞಾನಕ್ಕೆ. ಉಳಿದದ್ದು, ಎಷ್ಟೋ ಸಲ ಅದೇ ದೊಡ್ಡ ಪಾಲು, ಜಾಹೀರಾತು, ಗಾಜಿನ ಮುಂಭಾಗ, ಬೆರಳು ತಾಗಿಸಿದರೆ ಬೆಳಗುವ ಪ್ಯಾನೆಲ್ಲು, ಮೊಬೈಲ್ ಆ್ಯಪ್ ಮುಂತಾದವುಗಳಿಗೆ ಸಂದಾಯವಾಗುತ್ತದೆ. ಯಾವ ಪಾಲು ಎಷ್ಟು ಎನ್ನುವುದನ್ನು ಯಾವ ಪೆಟ್ಟಿಗೆಯ ಮೇಲೂ ಮುದ್ರಿಸಿರುವುದಿಲ್ಲ. ಆದ್ದರಿಂದ ದುಬಾರಿಯೇ ಲಾಭವೋ ಅಗ್ಗವೇ ಲಾಭವೋ ಎಂಬ ಪ್ರಶ್ನೆಗೆ ಯಂತ್ರ ಯಾವುದೆಂದು ತಿಳಿಯದೆ ಉತ್ತರ ಕೊಡಲು ಸಾಧ್ಯವಿಲ್ಲ. ಈ ಯಂತ್ರದಲ್ಲಿ ಮೊದಲು ಕೈಕೊಡುವ ಭಾಗ ಯಾವುದು, ಅದನ್ನು ನಮ್ಮೂರಿನಲ್ಲಿ ಯಾರು ಬದಲಾಯಿಸಿಕೊಡುತ್ತಾರೆ, ಎಷ್ಟಕ್ಕೆ ಎಂದು ಕೇಳುವುದೇ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಯಂತ್ರ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎನ್ನುವುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಮಿಕ್ಸಿಯನ್ನೇ ತೆಗೆದುಕೊಳ್ಳೋಣ. ಅದರೊಳಗಿರುವುದು ಯೂನಿವರ್ಸಲ್ ಮೋಟಾರು. ಖಾಲಿ ತಿರುಗುವಾಗ ಅದು ನಿಮಿಷಕ್ಕೆ ಹದಿನೆಂಟು, ಇಪ್ಪತ್ತು ಸಾವಿರ ಸುತ್ತುಗಳವರೆಗೆ ಹೋಗುತ್ತದೆ. ಈ ವೇಗಕ್ಕೆ ತೆರಬೇಕಾದ ಬೆಲೆ ಎಂದರೆ ಸವೆತ. ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿಗೆ ವಿದ್ಯುತ್ ಮುಟ್ಟಿಸಲು ಎರಡು ಕಾರ್ಬನ್ ತುಂಡುಗಳು ಸದಾ ಅದಕ್ಕೆ ಉಜ್ಜುತ್ತಿರಬೇಕು, ಉಜ್ಜಿದ್ದು ಸವೆಯಲೇಬೇಕು. ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಮಿಕ್ಸಿ, ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಎಂದು ಫಲಕ ಹಾಕಿಕೊಂಡ, ಇಬ್ಬರು ಒಟ್ಟಿಗೆ ನಿಲ್ಲಲಾಗದಷ್ಟು ಕಿರಿದಾದ ಅಂಗಡಿಯೊಂದಿದೆ. ಅಲ್ಲಿಯ ಮೆಕ್ಯಾನಿಕ್ ಮಿಕ್ಸಿಯನ್ನು ಬೋರಲು ಹಾಕಿ ತಳದ ಸ್ಕ್ರೂಗಳನ್ನು ಬಿಚ್ಚಿದರೆ ಮೊದಲು ಕೆಳಗೆ ಉದುರುವುದು ವರ್ಷಗಳ ಹಿಂದಿನ ಸಾರಿನ ಪುಡಿ. ಅದು ಒಳಗೆ ಹೇಗೆ ಹೋಯಿತೆಂದು ಮನೆಯವರಾರಿಗೂ ತಿಳಿದಿರುವುದಿಲ್ಲ. ಆಮೇಲೆ ಆತ ಸ್ಪ್ರಿಂಗು ಸಮೇತ ಕಾರ್ಬನ್ನನ್ನು ಹೊರಗೆಳೆದು, ಬೆರಳ ತುದಿಯಲ್ಲಿ ಹಿಡಿದು, ಉಳಿದಿರುವ ಉದ್ದವನ್ನು ತೋರಿಸುತ್ತಾನೆ. ಕಪ್ಪಗಾದ ತಾಮ್ರದ ಪಟ್ಟಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹೊಸ ಕಾರ್ಬನ್ ಕೂರಿಸಿ, ಮುಚ್ಚಳ ಹಾಕುವ ಮೊದಲು ಒಮ್ಮೆ ಓಡಿಸಿ ಒಳಗೆ ಇಣುಕುತ್ತಾನೆ. ಕಿಡಿ ಸಣ್ಣಗೆ ನೀಲಿಯಾಗಿದ್ದರೆ ಸರಿ, ಹಳದಿಯಾಗಿ ಸುತ್ತಲೂ ಹರಡಿದರೆ ಆರ್ಮೇಚರ್ ಹೋಗಿದೆ ಎಂದು ಅರ್ಥ.

ಅವನ ಬಳಿಗೆ ಬರುವ ಮಿಕ್ಸಿಗಳಲ್ಲಿ ಬಹುಪಾಲಿನ ಮೋಟಾರು ಚೆನ್ನಾಗಿಯೇ ಇರುತ್ತದೆ. ಹೋಗಿರುವುದು ಬ್ಲೇಡಿನ ದಂಡವನ್ನು ಹಿಡಿದಿರುವ ಜಾರಿನ ತಳದ ಬುಷ್, ಇಲ್ಲವೇ ಮೋಟಾರನ್ನು ಜಾರಿಗೆ ಜೋಡಿಸುವ ಕಪ್ಲರ್. ಬುಷ್ ಸವೆದರೆ ಜಾರಿನ ಅಡಿಯಿಂದ ನೀರು ಜಿನುಗುತ್ತದೆ, ಜೊತೆಗೆ ಕಪ್ಪು ಜಿಡ್ಡು ಮೇಲೆ ಬಂದು ಕಾಯಿಚಟ್ನಿಯ ಬಣ್ಣ ಕೆಡಿಸುತ್ತದೆ. ಕಪ್ಲರನ್ನು ಬೇಕೆಂದೇ ಮೆತ್ತಗಿನ ವಸ್ತುವಿನಿಂದ ಮಾಡಿರುತ್ತಾರೆ. ಗಟ್ಟಿ ಕೊಬ್ಬರಿಯೋ ಅರಿಸಿನದ ಕೊಂಬೋ ಬ್ಲೇಡಿಗೆ ಸಿಕ್ಕಿಕೊಂಡಾಗ ಮೋಟಾರು ಸುಡುವ ಬದಲು ಅದು ಮುರಿಯಲಿ ಎಂಬುದು ಅದರ ಉದ್ದೇಶ. ಹೊರೆ ಮೀರಿದಾಗ ವಿದ್ಯುತ್ ಕಡಿಯುವ, ತಳದಲ್ಲಿರುವ ಕೆಂಪು ಗುಂಡಿಯ ಉದ್ದೇಶವೂ ಮೋಟಾರನ್ನು ಉಳಿಸುವುದೇ. ಕಪ್ಲರಿನಂತೆ ತಾವು ಹಾಳಾಗಿ ದೊಡ್ಡದನ್ನು ಉಳಿಸುವ ಚಿಕ್ಕ ಭಾಗಗಳು ಎಷ್ಟು ಸುಲಭವಾಗಿ ಸಿಗುತ್ತವೆ ಎನ್ನುವುದರ ಮೇಲೆ ಮಿಕ್ಸಿಯ ಆಯಸ್ಸು ನಿಂತಿದೆ. ಹೆಚ್ಚು ಮಾರಾಟವಾಗುವ ಮಧ್ಯಮ ಬೆಲೆಯ ಮಾದರಿಗಳ ಬುಷ್ಷು, ಕಪ್ಲರು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳ ಪಾತ್ರೆ ಅಂಗಡಿಗಳಲ್ಲಿಯೂ ಗೊಂಚಲು ಗೊಂಚಲಾಗಿ ತೂಗಾಡುತ್ತಿರುತ್ತವೆ. ಅದೇ ಮೆಕ್ಯಾನಿಕ್‌ನ ಮೇಲಿನ ಅಟ್ಟಣೆಯಲ್ಲಿ ಧೂಳು ಹಿಡಿದು ಕುಳಿತಿರುವುದು ಬಹಳ ದುಬಾರಿಯ, ವಿಶೇಷ ಆಕಾರದ ಕಪ್ಲರ್ ಬೇಕಾದ ಯಂತ್ರ. ‘ಇದರ ಸ್ಪೇರ್ ಕಂಪನಿಯಿಂದಲೇ ಬರಬೇಕು, ನನಗೆ ಕೊಡೋದಿಲ್ಲ’ ಎನ್ನುತ್ತಾನೆ.

ಬೆಲೆ ಮತ್ತು ಬಾಳಿಕೆಯ ಈ ತಗಾದೆ ಹೊಸದೇನಲ್ಲ. 1960ರ ದಶಕದ ಮುಂಬೈಯಲ್ಲಿ ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರ್ ಸುಮೀತ್ ಮಿಕ್ಸಿಯನ್ನು ರೂಪಿಸಿದ್ದಕ್ಕೆ ಕಾರಣವೇ ಅವರ ಪತ್ನಿ ಬಳಸುತ್ತಿದ್ದ ಜರ್ಮನಿಯ ಮಿಕ್ಸರ್ ನಮ್ಮ ಅಡುಗೆಗೆ ತಾಳದೆ ಕೆಟ್ಟುಹೋದದ್ದು, ಅದನ್ನು ಇಲ್ಲಿ ರಿಪೇರಿ ಮಾಡಿಸಲು ಆಗದೇ ಹೋದದ್ದು. ಆ ಯಂತ್ರ ಕಳಪೆಯಾಗಿತ್ತೆಂದಲ್ಲ. ಹಣ್ಣು, ಕ್ರೀಮು, ಕೇಕಿನ ಹಿಟ್ಟುಗಳಿಗಾಗಿ ಹುಟ್ಟಿದ ಯಂತ್ರಕ್ಕೆ ನೆನೆದ ಉದ್ದು, ಒಣ ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿಗಳನ್ನು ಕೊಟ್ಟರೆ ಅದು ಏನು ಮಾಡೀತು? ಇಂದಿಗೂ ಹೊರದೇಶದ ಹೆಸರು ಹೊತ್ತ ದುಬಾರಿ ಬ್ಲೆಂಡರುಗಳನ್ನು ಕಂಡಾಗ ನನಗೆ ಈ ಸಂಗತಿ ನೆನಪಾಗುತ್ತದೆ. ಉಡುಪಿ ಕಡೆಯ ನಮ್ಮ ನೆಂಟರ ಮನೆಯಲ್ಲಿ ದಿನಕ್ಕೆರಡು ಸಲ ಕಾಯಿ, ಮೆಣಸು ಸೇರಿಸಿ ಮಸಾಲೆ ಅರೆಯಬೇಕು, ಕುಚ್ಚಲಕ್ಕಿ ನೆನೆಸಿ ರುಬ್ಬುವ ದಿನಗಳೂ ಇರುತ್ತವೆ. ಅಂಥ ಮನೆಗೆ ತಾಮ್ರದ ವೈಂಡಿಂಗಿನ, ಕೈಯಲ್ಲಿ ಎತ್ತಿದರೆ ಭಾರವೆನಿಸುವ ಮೋಟಾರು ಬೇಕೇ ಬೇಕು, ಅದಕ್ಕೆ ಸಾವಿರ ಎರಡು ಸಾವಿರ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ವಾರಕ್ಕೆ ಮೂರು ಸಲ ಚಟ್ನಿ ಮಾಡುವ ಇಬ್ಬರ ಮನೆಗೆ ಅದೇ ಮೋಟಾರು ಬರಿಯ ಭಾರ. ವಿದ್ಯುತ್ ಉಳಿತಾಯದ ಮಾತಂತೂ ಮಿಕ್ಸಿಯಲ್ಲಿ ಅರ್ಥಹೀನ. 750 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ವರ್ಷವಿಡೀ ಸೇರಿ ಐವತ್ತು ಯೂನಿಟ್ಟೂ ಆಗುವುದಿಲ್ಲ.

ಗ್ರೈಂಡರಿನ ಕಥೆ ಬೇರೆ, ಅದು ಚಿಕ್ಕದು. ಅಲ್ಲಿರುವುದು ಕಾರ್ಬನ್ ಇಲ್ಲದ, ನಿಧಾನಕ್ಕೆ ತಿರುಗುವ ಇಂಡಕ್ಷನ್ ಮೋಟಾರು. ಸವೆಯುವುದು ಬೆಲ್ಟು ಮತ್ತು ಕಲ್ಲು. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅಲ್ಲಿಯ ಅನೇಕ ಸಣ್ಣ ತಯಾರಕರು ಹೆಚ್ಚುಕಡಿಮೆ ಒಂದೇ ರಚನೆಯ ಯಂತ್ರಗಳನ್ನು ಮಾಡುತ್ತಾರೆ. ಹೆಸರು ಕೇಳಿರದ ತಯಾರಕನ ಸಾದಾ ಗ್ರೈಂಡರನ್ನು ಧೈರ್ಯವಾಗಿ ಕೊಳ್ಳಬಹುದಾದ ಕೆಲವೇ ಯಂತ್ರಗಳಲ್ಲಿ ಇದೊಂದು. ಓರೆಯಾಗಿ ಬಾಗುವುದು, ತೆಂಗಿನಕಾಯಿ ತುರಿಯುವುದು, ಹಿಟ್ಟು ನಾದುವುದು ಎಂದು ಸೇರಿಸುತ್ತ ಹೋದಂತೆ ಬೆಲೆ ಏರುತ್ತದೆ, ಕೆಡುವ ಭಾಗಗಳೂ ಏರುತ್ತವೆ.

ಫ್ಯಾನಿನ ವಿಷಯದಲ್ಲಿ ಮಾತ್ರ ನಾನು ದುಬಾರಿಯ ಪಕ್ಷಪಾತಿ, ಆದರೆ ಅದಕ್ಕೂ ಊರಿನ ಷರತ್ತು ಉಂಟು. ಹಳೆಯ ಬಗೆಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಎಂದು ಕರೆಯುವ ಹೊಸ ಬಗೆಯದು ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಬೆಲೆಯ ಅಂತರ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ. ರಾಯಚೂರಿನಲ್ಲೋ ಮಂಗಳೂರಿನಲ್ಲೋ ವರ್ಷವಿಡೀ ದಿನಕ್ಕೆ ಹನ್ನೆರಡು ಗಂಟೆ ಫ್ಯಾನ್ ತಿರುಗುವ ಕೋಣೆಯಲ್ಲಿ ಈ 45 ವ್ಯಾಟಿನ ವ್ಯತ್ಯಾಸ ವರ್ಷಕ್ಕೆ 197 ಯೂನಿಟ್ ಆಗುತ್ತದೆ. ತೆರಿಗೆ, ಹೆಚ್ಚುವರಿ ಶುಲ್ಕಗಳನ್ನು ಸೇರಿಸಿ ಯೂನಿಟ್ಟಿಗೆ 6.50 ರೂಪಾಯಿ ಎಂದು ಹಿಡಿದರೆ 1,280 ರೂಪಾಯಿ, ಅಂದರೆ ಹೆಚ್ಚು ಕೊಟ್ಟ ಹಣ ಒಂದು ವರ್ಷದ ಆಸುಪಾಸಿನಲ್ಲಿ ಮರಳಿ ಬಂತು. ಬೆಂಗಳೂರಿನಲ್ಲಿ ಬೇಸಿಗೆಯ ಮೂರು ತಿಂಗಳು ರಾತ್ರಿ ಎಂಟು ಗಂಟೆ ಮಾತ್ರ ಫ್ಯಾನ್ ಹಾಕುವವರಿಗೆ ಇದೇ ಲೆಕ್ಕ 32 ಯೂನಿಟ್ಟಿಗೆ, ಸುಮಾರು 210 ರೂಪಾಯಿಗೆ ಇಳಿಯುತ್ತದೆ. ಹಣ ಮರಳಲು ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷಗಳಲ್ಲಿ ಫ್ಯಾನಿನೊಳಗಿನ ಸರ್ಕ್ಯೂಟ್ ಬೋರ್ಡು ಒಮ್ಮೆ ಕೈಕೊಟ್ಟರೆ ಉಳಿತಾಯವೆಲ್ಲ ಅಲ್ಲಿಗೇ ಹೋಯಿತು. ಹಳೆಯ ಫ್ಯಾನ್ ನಿಧಾನವಾದರೆ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಎಂದು ಹೇಳಿ ಐದು ನಿಮಿಷದಲ್ಲಿ ಬದಲಾಯಿಸಿ ಹೋಗುತ್ತಾನೆ, ವೈಂಡಿಂಗ್ ಸುಟ್ಟರೂ ಮರುಸುತ್ತುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಬೋರ್ಡು ಕೆಟ್ಟ ಫ್ಯಾನನ್ನು ಕೆಳಗಿಳಿಸಿ ಸರ್ವಿಸ್ ಸೆಂಟರಿಗೆ ಒಯ್ಯಬೇಕು.

ಈ ಲೆಕ್ಕವನ್ನು ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಮತ್ತಷ್ಟು ಜಟಿಲಗೊಳಿಸಿದೆ, ಹಾಗಿದ್ದರೂ ಅಂಗಡಿಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಒಂದು ಉಚಿತ ಮಿತಿ ನಿಗದಿಯಾಗಿದೆ, ಅದು ತಿಂಗಳಿಗೆ 200 ಯೂನಿಟ್ಟನ್ನು ದಾಟುವಂತಿಲ್ಲ. ಮಿತಿ ಮೀರಿದರೂ 200ರೊಳಗೆ ಇದ್ದರೆ ಮೀರಿದ್ದಕ್ಕೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ತೆರಬೇಕು. ಇದರ ಪರಿಣಾಮವನ್ನು ಗಮನಿಸಿ. ತಿಂಗಳಿಗೆ 60 ಯೂನಿಟ್ ಬಳಸುವ, ಮಿತಿಯೊಳಗೇ ಇರುವ ಮನೆಗೆ ಐದು ನಕ್ಷತ್ರದ (ಫೈವ್ ಸ್ಟಾರ್) ಫ್ರಿಜ್ಜಿನಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ, ಏಕೆಂದರೆ ಉಳಿಸಲು ಬಿಲ್ಲೇ ಇಲ್ಲ. ಯೋಜನೆಯಲ್ಲಿದ್ದೂ ಈಗ 205 ಯೂನಿಟ್ ಬಳಸುತ್ತಿರುವ ಮನೆ ಎರಡು ಫ್ಯಾನುಗಳನ್ನು ಬದಲಾಯಿಸಿ ಆ ಗೆರೆಯ ಈಚೆಗೆ ಬಂದರೆ ಅದಕ್ಕೆ ಉಳಿಯುವುದು ಐದು ಯೂನಿಟ್ಟಿನ ಹಣವಲ್ಲ, ಹೆಚ್ಚುಕಡಿಮೆ ಸಾವಿರದ ಮುನ್ನೂರು ರೂಪಾಯಿಯ ಇಡೀ ಬಿಲ್ಲಿನ ಬಹುಪಾಲು. ವಿದ್ಯುತ್ ಉಳಿಸುವುದು ನಾಡಿಗೆ ಒಳ್ಳೆಯದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಕಡಿಮೆ ಆದಾಯದ ಮನೆಯೊಂದು ಆ ಒಳಿತಿಗಾಗಿ ತನ್ನ ಕೈಯಿಂದ ಎಂಟು ಸಾವಿರ ಹೆಚ್ಚು ಕೊಡಲಿ ಎಂದು ಹೇಳುವ ಧೈರ್ಯ ನನಗಿಲ್ಲ.

ನಕ್ಷತ್ರಗಳ ವಿಷಯಕ್ಕೆ ಬಂದದ್ದರಿಂದ ಗೀಸರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಕ್ಷತ್ರ ನೋಡಿ ಹಣ ಕೊಡುವವರು ಅತಿ ಹೆಚ್ಚು ತಪ್ಪು ತಿಳಿಯುವುದು ಇಲ್ಲಿ. 22 ಡಿಗ್ರಿಯಲ್ಲಿರುವ 15 ಲೀಟರ್ ನೀರನ್ನು 55 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ ವಿದ್ಯುತ್ ಬೇಕು. ನಾಲ್ಕು ಸಾವಿರದ ಗೀಸರಿಗೂ ಅಷ್ಟೇ ಬೇಕು, ಹದಿನಾಲ್ಕು ಸಾವಿರದ್ದಕ್ಕೂ ಅಷ್ಟೇ ಬೇಕು. ನೀರು ಕಾಯಿಸುವ ಕಾಯಿಲು ಎಳೆದುಕೊಂಡ ವಿದ್ಯುತ್ತೆಲ್ಲ ನೀರಿಗೇ ಹೋಗುವುದರಿಂದ ಅದರಲ್ಲಿ ಉಳಿಸಲು ಜಾಗವೇ ಇಲ್ಲ. ಗೀಸರಿನ ನಕ್ಷತ್ರಗಳು ಅಳೆಯುವುದು ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎನ್ನುವುದನ್ನು. ಇಡೀ ದಿನ ಸ್ವಿಚ್ ಹಾಕಿಯೇ ಇಡುವ ವಸತಿಗೃಹಕ್ಕೆ ಅದು ಮುಖ್ಯ. ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಆದ ಕೂಡಲೇ ಆರಿಸುವ ನಮ್ಮ ಬಹುಪಾಲು ಮನೆಗಳಿಗೆ ನಾಲ್ಕು ನಕ್ಷತ್ರಕ್ಕೂ ಐದಕ್ಕೂ ಇರುವ ಅಂತರ ಬಿಲ್ಲಿನಲ್ಲಿ ಕಾಣುವಷ್ಟಲ್ಲ.

ಗೀಸರನ್ನು ಕೊಲ್ಲುವುದು ನೀರು. ಕಾವೇರಿ ನೀರು ಬರುವ ಬಡಾವಣೆಯ ಗೀಸರಿಗೂ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿರುವ ಹೊರವಲಯದ ಬಡಾವಣೆಯ ಗೀಸರಿಗೂ ಆಯಸ್ಸಿನಲ್ಲಿ ಅಜಗಜಾಂತರ. ಗಡುಸು ನೀರು ಕಾದಾಗ ಅದರಲ್ಲಿ ಕರಗಿರುವ ಸುಣ್ಣದ ಅಂಶ ಕಾಯಿಲಿನ ಮೇಲೆ ಬಿಳಿಯ ಪದರವಾಗಿ ಕೂರುತ್ತದೆ; ಪದರ ದಪ್ಪವಾದಂತೆ ಒಳಗಿನ ಶಾಖ ಹೊರಗೆ ಹೋಗಲಾರದೆ ಕಾಯಿಲೇ ಸುಟ್ಟುಹೋಗುತ್ತದೆ. ಹೀಗೆ ಸುಟ್ಟ ಕಾಯಿಲೊಂದನ್ನು ಪ್ಲಂಬರ್ ನಮ್ಮ ಸ್ನಾನದ ಮನೆಯ ನೆಲದ ಮೇಲೆ ಇಟ್ಟಾಗ ಅದು ಮೊಟ್ಟೆಯ ಚಿಪ್ಪು ಅಂಟಿದ ಕಬ್ಬಿಣದಂತೆ ಕಾಣುತ್ತಿತ್ತು, ಸ್ಪ್ಯಾನರಿನಿಂದ ತಟ್ಟಿದರೆ ಪದರ ಹಕ್ಕಳೆಹಕ್ಕಳೆಯಾಗಿ ಉದುರುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸರಳಿನ ತುಂಡಿತ್ತು, ತಿಂದು ಉಳಿದ ಕಬ್ಬಿನ ಜಲ್ಲೆಯಷ್ಟು ಮಾತ್ರ. ಅದು ಮೆಗ್ನೀಸಿಯಂ ಆ್ಯನೋಡ್. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಕರಗುವುದು ಅದರ ಕೆಲಸ, ಅದು ಪೂರ್ತಿ ಕರಗಿ ಮುಗಿದ ಮೇಲೆ ಸರದಿ ಟ್ಯಾಂಕಿನದು. ಕೆಲವು ನೂರು ರೂಪಾಯಿಯ ಈ ಸರಳನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಧಾರಣ ಗೀಸರ್ ಕೂಡ ಬಹುಕಾಲ ಬಾಳುತ್ತದೆ. ಬದಲಾಯಿಸದಿದ್ದರೆ ಗಾಜಿನ ಲೇಪನದ ದುಬಾರಿ ಟ್ಯಾಂಕಿಗೂ ಒಂದು ದಿನ ತೂತು ಬೀಳುತ್ತದೆ. ಹಾಗಾಗಿ ಗೀಸರಿನಲ್ಲಿ ಹಣ ಕೊಡಬೇಕಾದದ್ದು ಟ್ಯಾಂಕಿನ ಲೇಪನಕ್ಕೆ, ಕಾಯಿಲಿನ ಲೋಹಕ್ಕೆ. ಮುಂಭಾಗದ ಡಿಜಿಟಲ್ ಅಂಕಿಗೆ ಅಲ್ಲ.

ಇಲ್ಲೊಂದು ಮಾತನ್ನು ಸೇರಿಸಲೇಬೇಕು. ನೀರು, ವಿದ್ಯುತ್, ಬಿಸಿ ಮೂರೂ ಸೇರುವಲ್ಲಿ ತೀರ ಅಗ್ಗದ್ದು ಬೇಡವೇ ಬೇಡ. ಗೀಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡುಗಳಿಗೆ ಐಎಸ್ಐ ಗುರುತು ಕಡ್ಡಾಯ. ಹಾಗಿದ್ದರೂ ಸಂತೆಯಲ್ಲಿ ಗುರುತಿಲ್ಲದ ರಾಡುಗಳು ಸಿಗುತ್ತಲೇ ಇರುತ್ತವೆ. ಅಲ್ಲಿ ಉಳಿಯುವ ಇನ್ನೂರು ರೂಪಾಯಿಯನ್ನು ಲಾಭವೆಂದು ಕರೆಯಲು ನಾನು ಸಿದ್ಧನಿಲ್ಲ.

ವಾಷಿಂಗ್ ಮಷಿನ್ನಿನ ಮುಂದೆ ದೊಡ್ಡ ಅಕ್ಷರಗಳಲ್ಲಿ ‘ಮೋಟಾರಿಗೆ 10 ವರ್ಷ ವಾರಂಟಿ’ ಎಂಬ ಚೀಟಿ ಅಂಟಿಸಿರುತ್ತಾರೆ. ಇದನ್ನು ಓದಿ ಹತ್ತು ವರ್ಷ ನಿಶ್ಚಿಂತೆ ಎಂದುಕೊಳ್ಳುವ ಮುನ್ನ ಹತ್ತು ವರ್ಷಗಳಲ್ಲಿ ಕೆಡುವುದು ಯಾವುದೆಂದು ಸರ್ವಿಸಿಗೆ ಬರುವ ಹುಡುಗರನ್ನು ಕೇಳಿ ನೋಡಬೇಕು. ಅವರು ಮೋಟಾರಿನ ಹೆಸರು ಹೇಳುವುದು ಅಪರೂಪ. ಬೋರ್ಡು, ನೀರು ಹೊರಹಾಕುವ ಪಂಪು, ಬಾಗಿಲಿನ ಲಾಕು, ರಬ್ಬರು, ಬೇರಿಂಗು, ಇವೇ ಅವರ ಬಾಯಲ್ಲಿ ಬರುತ್ತವೆ. ಕಂಪನಿ ಧಾರಾಳವಾಗಿ ಭರವಸೆ ಕೊಟ್ಟಿರುವುದು ಸುಲಭಕ್ಕೆ ಕೆಡದ ಭಾಗಕ್ಕೆ. ಸುಲಭಕ್ಕೆ ಕೆಡುವವುಗಳ ಭರವಸೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿದಿರುತ್ತದೆ. ಮೋಟಾರೇ ಕೆಟ್ಟರೂ ಬಂದುಹೋಗುವ ಶುಲ್ಕ, ಕೂಲಿ ನಮ್ಮ ಕೈಯಿಂದಲೇ ಹೋಗುವುದುಂಟು. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವೂ ಸಣ್ಣ ಅಕ್ಷರಗಳಲ್ಲಿ ಬರೆದೇ ಇದೆ. ದೊಡ್ಡ ಅಕ್ಷರ ಯಾವುದಕ್ಕೆ, ಸಣ್ಣ ಅಕ್ಷರ ಯಾವುದಕ್ಕೆ ಎಂದು ಆರಿಸಿದವರ ಜಾಣತನವನ್ನು ಮಾತ್ರ ಮೆಚ್ಚಬೇಕು.

ಬೋರ್ಡು ನಮ್ಮ ಮನೆಗಳಲ್ಲಿ ಕೆಡುವುದಕ್ಕೆ ಕಾರಣಗಳೂ ನಮ್ಮವೇ. ಮಳೆಗಾಲದ ಮೊದಲ ಗುಡುಗಿಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗುವಾಗ ವೋಲ್ಟೇಜು ಜಿಗಿಯುತ್ತದೆ. ಬಾಲ್ಕನಿಯ ತೇವ ಒಳಗೆ ಸೇರುತ್ತದೆ. ಬೆಚ್ಚಗಿರುತ್ತದೆಂದು ಹಲ್ಲಿ, ಜಿರಳೆಗಳು ಬೋರ್ಡಿನ ಮೇಲೆಯೇ ಸಂಸಾರ ಹೂಡುತ್ತವೆ. ನಮ್ಮ ಹಿಂದಿನ ಯಂತ್ರವನ್ನು ಬಿಚ್ಚಿದಾಗ ಎರಡು ಬೆಸುಗೆಗಳ ನಡುವೆ ಒಣಗಿ ಕರಕಲಾದ ಹಲ್ಲಿಮರಿಯೊಂದು ಅಡ್ಡ ಬಿದ್ದಿತ್ತು. ಬೋರ್ಡಿಗೆ ಹೇಳಿದ ಬೆಲೆ ಕೇಳಿದಾಗ ಮೂಗಿಗಿಂತ ಮೂಗುತಿ ಭಾರ ಎನ್ನುವುದರ ಅರ್ಥ ಮನವರಿಕೆಯಾಯಿತು. ಇನ್ನು ಕೆಲವು ಮಾದರಿಗಳಲ್ಲಿ ಹೊರಗಿನ ಡ್ರಮ್ಮನ್ನು ಎರಡು ಹೋಳು ಸೇರಿಸಿ ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಒಳಗಿನ ಬೇರಿಂಗ್ ಎಷ್ಟೇ ಅಗ್ಗವಿದ್ದರೂ ಅದನ್ನು ಮುಟ್ಟಬೇಕಾದರೆ ಇಡೀ ಡ್ರಮ್ಮನ್ನೇ ಕೊಳ್ಳಬೇಕು. ದುಬಾರಿ ಯಂತ್ರವೆಂದರೆ ಬಿಚ್ಚಿ ಕಟ್ಟಲು ಬರುವ ಯಂತ್ರ ಎಂದು ತಿಳಿದಿದ್ದ ಹಿಂದಿನ ತಲೆಮಾರಿನವರಿಗೆ ಇದನ್ನು ನಂಬಿಸುವುದು ಕಷ್ಟ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಆದರೆ ಬಿಡಿಭಾಗ ಇಷ್ಟು ವರ್ಷ ಸಿಗಲೇಬೇಕು, ಇಂಥ ಬೆಲೆಯನ್ನು ಮೀರಬಾರದು ಎಂಬ ಕಟ್ಟುಪಾಡು ಬರುವವರೆಗೆ ಅಂಗಡಿಯಲ್ಲಿ ನಿಂತ ಗ್ರಾಹಕನಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೇ.

ಹಾಗೆಂದು ಮುಂಭಾಗದಿಂದ ಬಟ್ಟೆ ತುಂಬುವ, ದುಬಾರಿಯಾದ ಫ್ರಂಟ್ ಲೋಡ್ ಯಂತ್ರ ಹಣಕ್ಕೆ ತಕ್ಕುದಲ್ಲ ಎಂದು ಸಾರಾಸಗಟಾಗಿ ಹೇಳಲಾಗದು. ಅದು ಟಾಪ್ ಲೋಡಿಗಿಂತ ಗಣನೀಯವಾಗಿ ಕಡಿಮೆ ನೀರು ಬಳಸುತ್ತದೆ, ಬಟ್ಟೆಯನ್ನೂ ಕಡಿಮೆ ಸವೆಸುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಸುರಿಯುವ ಅಪಾರ್ಟ್‌ಮೆಂಟಿನಲ್ಲಿ ನೀರಿನ ಉಳಿತಾಯಕ್ಕೆ ನಿಜವಾದ ಬೆಲೆಯಿದೆ. ಅದೇ ಟ್ಯಾಂಕರಿನ ಗಡುಸು ನೀರು ಅದರ ಹೀಟರಿಗೂ, ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂ ಕಟ್ಟಿಗೂ ಶತ್ರು ಎನ್ನುವುದು ಈ ಕಥೆಯ ವಕ್ರತೆ. ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರರಿಗೆ, ನಲ್ಲಿಯಲ್ಲಿ ನೀರಿನ ಒತ್ತಡವಿಲ್ಲದ ಊರಿನವರಿಗೆ ನಾನು ಸಂಕೋಚವಿಲ್ಲದೆ ಸೂಚಿಸುವುದು ಸೆಮಿ ಆಟೊಮ್ಯಾಟಿಕ್ಕನ್ನೇ. ಬಕೆಟ್ಟಿನಲ್ಲಿ ನೀರು ಹುಯ್ದರೂ ಓಡುತ್ತದೆ. ಒಳಗೆ ಎರಡು ಮೋಟಾರು, ಒಂದು ಬೆಲ್ಟು, ತಿರುವಿದರೆ ಕಿರುಗುಟ್ಟುವ ಟೈಮರು. ಕೆಟ್ಟರೆ ಯಾವ ಊರಿನ ಮೆಕ್ಯಾನಿಕ್ಕೂ ಹೆದರುವುದಿಲ್ಲ. ಆದರೆ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕುವ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು. ಆ ಕೆಲಸ ಮಾಡದವರು ಅಗ್ಗದ ಯಂತ್ರವೇ ಸಾಕು ಎಂದು ತೀರ್ಮಾನಿಸುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ, ಅಂಥ ತೀರ್ಮಾನಕ್ಕೆ ಬೆಲೆ ಕೊಡುವವನಲ್ಲ.

ಫ್ರಿಜ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಓಡುವ ಯಂತ್ರ ಅದೊಂದೇ ಆದ್ದರಿಂದ ಲೇಬಲ್ಲಿನ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಮುದ್ರಿಸಿರುವ ಅಂಕಿಯನ್ನು ಓದಿ, ಎರಡು ಮಾದರಿಗಳ ಅಂತರವನ್ನು ಯೂನಿಟ್ ದರದಿಂದ ಗುಣಿಸಿದರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಈ ಅಂಕಿ ಹೆಚ್ಚು ಪ್ರಾಮಾಣಿಕ, ಏಕೆಂದರೆ ಇಂಧನ ದಕ್ಷತಾ ಬ್ಯೂರೋ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತದೆ. ಹಳೆಯ ಲೇಬಲ್ಲಿನ ಐದು ನಕ್ಷತ್ರ ಹೊಸ ಲೇಬಲ್ಲಿನಲ್ಲಿ ನಾಲ್ಕೋ ಮೂರೋ ಆಗಿರಬಹುದು. ಅಂತರ 50 ಯೂನಿಟ್ ಆದರೆ ವರ್ಷಕ್ಕೆ ಉಳಿಯುವುದು 325 ರೂಪಾಯಿ. ಅದಕ್ಕಾಗಿ ಆರು ಸಾವಿರ ಹೆಚ್ಚು ಕೊಟ್ಟರೆ ಫ್ರಿಜ್ಜಿನ ಆಯಸ್ಸೇ ಮುಗಿದರೂ ಹಣ ಮರಳುವುದಿಲ್ಲ. ಬಾಗಿಲಿನಲ್ಲಿ ನೀರು ಬರುವ, ಪರದೆಯಿರುವ ಮಾದರಿಗಳು ಈ ಲೆಕ್ಕದ ಆಚೆಗಿನವು. ಅವು ಬೇಕೆನಿಸಿದರೆ ಕೊಳ್ಳಲಿ, ಉಳಿತಾಯದ ಹೆಸರಿನಲ್ಲಿ ಬೇಡ.

ಇಷ್ಟೆಲ್ಲ ಲೆಕ್ಕ ಹಾಕುವುದು ಕೈಯಲ್ಲಿ ಹಣವಿದ್ದವರಿಗೆ ಮಾತ್ರ ಸಾಧ್ಯ ಎಂಬುದನ್ನು ಮರೆಯಬಾರದು. ತಿಂಗಳ ಕೊನೆಗೆ ಮಿಕ್ಸಿ ಸುಟ್ಟ ಮನೆಗೆ ಮರುದಿನ ಬೆಳಗ್ಗೆ ಚಟ್ನಿ ಆಗಲೇಬೇಕು. ಕೈಯಲ್ಲಿರುವ ಸಾವಿರದೈನೂರಕ್ಕೆ ಯಾವುದು ಸಿಗುತ್ತದೋ ಅದೇ ಬರುತ್ತದೆ, ಎರಡು ವರ್ಷಕ್ಕೆ ಮತ್ತೊಂದು ಬರುತ್ತದೆ. ಅಂಥವರಿಗೆ ಕಂತಿನ ಸಾಲ ಕೊಡುವವರು ಅಂಗಡಿಯೊಳಗೇ ಮೇಜು ಹಾಕಿ ಕುಳಿತಿರುತ್ತಾರೆ. ಬಡ್ಡಿಯಿಲ್ಲದ ಕಂತು ಎನ್ನುವಲ್ಲಿ ಬಡ್ಡಿಯ ಬದಲು ಪ್ರೊಸೆಸಿಂಗ್ ಶುಲ್ಕ ಇರುತ್ತದೆ, ಅಥವಾ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ. ಕಂತು ಸಿಗುತ್ತದೆಂದು ಎರಡು ಮೆಟ್ಟಿಲು ಮೇಲಿನ ಮಾದರಿಗೆ ಏರಿಬಿಡುವುದೂ ಇಲ್ಲಿಯೇ. ಅವರಿಗೆ ಹೊಸ ಅಗ್ಗದ ಯಂತ್ರಕ್ಕಿಂತ ರಿಪೇರಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟ, ಮರುಸುತ್ತಿದ ಹಳೆಯ ಮಿಕ್ಸಿ ಎಷ್ಟೋ ಮೇಲು. ನಮ್ಮ ಮುಖ್ಯರಸ್ತೆಯ ಮೆಕ್ಯಾನಿಕ್ ಅಂಥವನ್ನು ಆರು ತಿಂಗಳ ಬಾಯಿಮಾತಿನ ಗ್ಯಾರಂಟಿಯ ಮೇಲೆ ಕೊಡುತ್ತಾನೆ, ಅವನ ಅಂಗಡಿಯೂ ಎಲ್ಲಿಗೂ ಹೋಗುವುದಿಲ್ಲ.

ಈಚೆಗೆ ಅಂಗಡಿಗೆ ಹೋದರೆ ಯಂತ್ರದ ಬೆಲೆಗಿಂತ ಮೊದಲು ನಾನು ಕೇಳುವುದು ಬಿಡಿಭಾಗದ ಬೆಲೆ. ಮಿಕ್ಸಿಯ ದೊಡ್ಡ ಜಾರು ಬೇರೆಯಾಗಿ ಎಷ್ಟು, ಗೀಸರಿನ ಆ್ಯನೋಡ್ ಎಷ್ಟು, ಮಷಿನ್ನಿನ ಬೋರ್ಡು ಎಷ್ಟು? ಜಾರಿನ ಬೆಲೆಯನ್ನು ಮಾರಾಟಗಾರರು ತಟ್ಟನೆ ಹೇಳುತ್ತಾರೆ. ಆ್ಯನೋಡ್ ಎಂದರೆ ಕೆಲವರು ಒಳಗೆ ಹೋಗಿ ಯಾರನ್ನೋ ಕೇಳಿ ಬರುತ್ತಾರೆ. ಬೋರ್ಡಿನ ಬೆಲೆಯನ್ನು ಹೇಳಿದ ಅಂಗಡಿ ಇನ್ನೂ ಸಿಕ್ಕಿಲ್ಲ. ಕಂಪನಿಯ ಸಹಾಯವಾಣಿಗೆ ಮಾದರಿಯ ಸಂಖ್ಯೆ ಕೊಟ್ಟು ಕೇಳಿದರೆ ಹೇಳುವವರು ಇದ್ದಾರೆ, ಯಂತ್ರ ಕೊಂಡ ರಸೀದಿಯಿಲ್ಲದೆ ಹೇಳಲಾಗದು ಎನ್ನುವವರೂ ಇದ್ದಾರೆ. ಹೇಳಿದವರ ಯಂತ್ರಗಳನ್ನಷ್ಟೇ ಪಟ್ಟಿಯಲ್ಲಿ ಉಳಿಸಿಕೊಂಡು, ಅವುಗಳ ಪೈಕಿ ನಮ್ಮ ಬಡಾವಣೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇರುವುದು ಯಾವುದು ಎಂದು ನೋಡಿ, ಆಮೇಲೆ ಬೆಲೆಯ ಚೌಕಾಸಿಗೆ ಇಳಿಯುವುದು ಈಗಿನ ರೂಢಿ.